ಎರಡೂಕಾಲು ಗಂಟೆಯ ಲೆಕ್ಕ

ಅಹಮದಾಬಾದ್–ಬೆಂಗಳೂರು ವಿಮಾನದ ವೇಳಾಪಟ್ಟಿಯನ್ನು ನಾನು ಬ್ಯಾಲೆನ್ಸ್ ಶೀಟ್ ಓದಿದ ಹಾಗೆ ಓದುತ್ತೇನೆ. ಬರೆದದ್ದೆಲ್ಲ ನಿಜ, ತಕರಾರಿರೋದು ಬಿಟ್ಟದ್ದರ ಬಗ್ಗೆ.

ಎರಡು ನಿಲ್ದಾಣಗಳ ನಡುವೆ ಆಕಾಶದ ನೇರ ದೂರ ಸುಮಾರು 1,220 ಕಿ.ಮೀ. ಗಂಟೆಗೆ 800ರಂತೆ ಹಾರಿದರೆ ಒಂದೂವರೆ ಗಂಟೆ ಸಾಕು. ಪಟ್ಟಿಯಲ್ಲಿರೋದು ಎರಡೂಕಾಲರ ಆಸುಪಾಸು. ಇದು ಮೋಸವೇನಲ್ಲ. ವಿಮಾನ ಇಲ್ಲಿ ನಿಂತ ಜಾಗ ಬಿಟ್ಟ ಕ್ಷಣದಿಂದ ಅಲ್ಲಿ ಹೋಗಿ ನಿಲ್ಲುವವರೆಗಿನ ಲೆಕ್ಕ ಅದು. ರನ್‌ವೇವರೆಗೆ ಉರುಳೋದು, ಏರೋದು, ಇಳಿಯೋದು, ಸರದಿ ಕಾಯೋದು ಎಲ್ಲ ಸೇರಿ. ಅಷ್ಟರ ಮಟ್ಟಿಗೆ ಪ್ರಾಮಾಣಿಕ ಬರವಣಿಗೆ.

ಆದರೆ ಪ್ರಯಾಣಿಕ ಅದರೊಳಗಿಲ್ಲ. ಸೂರತ್‌ನಲ್ಲಿದ್ದ ನನ್ನ ಸಹೋದ್ಯೋಗಿ ಆಗೆಲ್ಲ 263 ಕಿ.ಮೀ. ರೈಲಿನಲ್ಲಿ ಮುಂಬೈಗೆ ಹೋಗಿ ವಿಮಾನ ಹತ್ತುತ್ತಿದ್ದ. ನಾನಿದ್ದದ್ದು ವಡೋದರಾದಲ್ಲಿ. 2009ರಲ್ಲಿ ಒಂದು ದಿನ, ಅಪ್ಪನಿಗೆ ಜಾಸ್ತಿಯಾಗಿದೆ ಅಂತ ಶಿವಮೊಗ್ಗದಿಂದ ಫೋನು ಬಂದಾಗ ಬೆಳಿಗ್ಗೆ ಆರು. ಅಹಮದಾಬಾದಿಗೆ ನೂರು ಚಿಲ್ಲರೆ ಕಿ.ಮೀ.; ಎಕ್ಸ್‌ಪ್ರೆಸ್‌ವೇ ಇತ್ತು, ಸರಿ. ಸೀಟು ಸಿಕ್ಕಿದ್ದು ಮಧ್ಯಾಹ್ನದ ವಿಮಾನಕ್ಕೆ. ದೇವನಹಳ್ಳಿಯಲ್ಲಿ ಇಳಿದರೆ ಇನ್ನೂ ಮುನ್ನೂರರ ಹತ್ತಿರ ಬಾಕಿ, ಕಾರಿನಲ್ಲಿ. ಮನೆ ಮುಟ್ಟಿದಾಗ ರಾತ್ರಿ ಹತ್ತು.

"ಐದು ಗಂಟೆವರೆಗೂ ಬಾಗಿಲ ಕಡೆನೇ ನೋಡ್ತಿದ್ರು ಕಣೋ" ಅಂದಳು ಅಮ್ಮ. ಐದಕ್ಕೆ ನಾನು ತುಮಕೂರನ್ನೂ ದಾಟಿರಲಿಲ್ಲ.

2023ರ ಫೆಬ್ರವರಿಯಲ್ಲಿ ಶಿವಮೊಗ್ಗದ ಸೋಗಾನೆಯಲ್ಲೂ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ನನಗೆ ಹದಿನಾಲ್ಕು ವರ್ಷ ತಡ, ಇರಲಿ. ಪಟ್ಟಿ ಬರೆಯೋರಿಗೆ ನಾನು ಹೇಳೋದು ಇಷ್ಟೆ: 'ಪ್ರಯಾಣದ ಅವಧಿ' ಅನ್ನೋ ತಲೆಬರಹ ತೆಗೀರಿ, 'ವಿಮಾನದ ಅವಧಿ' ಅಂತ ಹಾಕಿ.