ತಿರುಗಿ ಬಂದವನ ಸಾಕ್ಷ್ಯ

ಕುರುಗೋಡು ಒಂದು ಕಾಲಕ್ಕೆ ಸಿಂದರ ರಾಜಧಾನಿಯಾಗಿದ್ದ ಊರು. ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದಾಗ ವೀರಗಲ್ಲಿನ ಲಕ್ಷಣವನ್ನು ವಿವರಿಸುತ್ತಿದ್ದೆ: ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಸಿರುಗುಪ್ಪದ ಕಡೆಯ ಹುಡುಗನೊಬ್ಬ ಕೇಳಿದ: “ಸರ್, ಬದುಕಿ ಬಂದವನಿಗೆ ಕಲ್ಲಿಲ್ಲವೆ?” ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಈಚೆಗೆ ‘ಹಿಮಾಲಯನ್ ಬ್ಲಂಡರ್’ ಕೃತಿಯನ್ನು ಮತ್ತೊಮ್ಮೆ ಓದಿದೆ.

ಬ್ರಿಗೇಡಿಯರ್ ಜಾನ್ ದಳವಿಯವರು ಇಂಗ್ಲಿಷಿನಲ್ಲಿ ಬರೆದ ಈ ಪುಸ್ತಕ ಪ್ರಕಟವಾದದ್ದು 1969ರಲ್ಲಿ. ಅದನ್ನು ಅದೇ ಹೆಸರಿನಲ್ಲಿ ಕನ್ನಡಕ್ಕೆ ತಂದವರು ರವಿ ಬೆಳಗೆರೆ (1958–2020). ಅವರು ಬಳ್ಳಾರಿಯಲ್ಲೇ ಹುಟ್ಟಿದವರು. ಇಲ್ಲಿಯೇ ಇತಿಹಾಸದ ಅಧ್ಯಾಪಕರಾಗಿದ್ದು ಅನಂತರ ಪತ್ರಕರ್ತರಾದವರು. ನಮ್ಮ ಜಿಲ್ಲೆಯ ಅದೆಷ್ಟೋ ಮಂದಿ 1962ರ ಯುದ್ಧವನ್ನು ಅರಿತದ್ದು ಈ ಕನ್ನಡ ಪುಸ್ತಕದ ಮೂಲಕವೇ.

ದಳವಿಯವರು ಏಳನೆಯ ಪದಾತಿ ಬ್ರಿಗೇಡಿನ ನಾಯಕರು. ನಮ್ಕಾ ಚು ಎಂಬ ಹೊಳೆಯ ದಂಡೆಯಲ್ಲಿ ನಿಲ್ಲಬೇಕೆಂದು ಅವರಿಗೆ ಆಜ್ಞೆಯಾಯಿತು. ಎತ್ತರದ ಗುಡ್ಡಗಳೆಲ್ಲ ಎದುರಾಳಿಯ ಕೈಯಲ್ಲಿದ್ದವು. ಸೈನಿಕರಿಗೆ ಚಳಿಗೆ ತಕ್ಕ ಬಟ್ಟೆಯಿಲ್ಲ, ಸಾಕಷ್ಟು ಮದ್ದುಗುಂಡಿಲ್ಲ. ವಿಮಾನದಿಂದ ಇಳಿಬಿಟ್ಟ ಸಾಮಾನು ಬಹುಪಾಲು ಕಮರಿಗಳ ಪಾಲಾಗುತ್ತಿತ್ತು. ಅಕ್ಟೋಬರ್ 20ರ ನಸುಕಿನಲ್ಲಿ ಚೀನೀಯರು ಮೇಲೆ ಬಿದ್ದರು. ಬ್ರಿಗೇಡು ಚೂರಾಯಿತು. ಎರಡು ದಿನ ಕಾಡುಮೇಡು ಅಲೆದ ದಳವಿ 22ರಂದು ಸೆರೆಸಿಕ್ಕರು. ಟಿಬೆಟ್ಟಿನ ಶಿಬಿರದಲ್ಲಿ ಏಕಾಂತವಾಸ ಕಳೆದು ದೇಶಕ್ಕೆ ಮರಳಿದ್ದು 1963ರ ಮೇ ತಿಂಗಳಲ್ಲಿ.

ಇಂಥ ಅನುಭವವುಳ್ಳವನು ತನ್ನ ಕಷ್ಟಗಳನ್ನೇ ಹಾಡಿಕೊಂಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಈ ಕೃತಿಯಲ್ಲಿ ಸೆರೆವಾಸಕ್ಕಿಂತ ಸೋಲಿನ ಕಾರಣಗಳಿಗೇ ಹೆಚ್ಚು ಜಾಗ. ಲೇಖಕರು ಬದುಕಿ ಬಂದದ್ದನ್ನು ಭಾಗ್ಯವೆಂದಲ್ಲ, ಋಣವೆಂದು ಎಣಿಸಿದಂತಿದೆ. ನೆಹರೂ, ಕೃಷ್ಣ ಮೆನನ್, ಜನರಲ್ ಕೌಲ್ ಯಾರನ್ನೂ ಅವರು ಬಿಡುವುದಿಲ್ಲ. ಇಲ್ಲಿ ನನಗೆ ರನ್ನನ ದುರ್ಯೋಧನ ನೆನಪಾಗುತ್ತಾನೆ. ತನ್ನವರ ಹೆಣಗಳ ನಡುವೆ ನಡೆದು ಹೋಗಿ ಸರೋವರದಲ್ಲಿ ಅಡಗುವ ಆ ಸೋತ ಅರಸನನ್ನು ಕನ್ನಡ ಕವಿ ಅನುಕಂಪದಿಂದ ಕಂಡ. ಆದರೆ ದುರ್ಯೋಧನ ನೀರಿನಿಂದ ಎದ್ದುದು ಕಾದಿ ಸಾಯಲು; ದಳವಿ ಸೆರೆಯಿಂದ ಬಂದುದು ನಡೆದದ್ದನ್ನು ಹೇಳಲು. ಎರಡನೆಯದಕ್ಕೂ ಕಡಿಮೆ ಧೈರ್ಯ ಸಾಲದು.

ಹಾಗೆಂದು ಕೃತಿಯನ್ನು ವೇದವಾಕ್ಯವೆಂದು ಒಪ್ಪಬೇಕಾಗಿಲ್ಲ. ಲೇಖಕರು ಸ್ವತಃ ಆ ಸೋಲಿನ ಪಾತ್ರಧಾರಿಗಳು. ತಮ್ಮ ಬ್ರಿಗೇಡಿನ ಪರವಾಗಿ ವಾದಿಸುವ ವಕೀಲರೂ ಅವರೇ. ಸೋಲನ್ನು ಕುರಿತು ಸೇನೆಯೇ ನಡೆಸಿದ ವಿಚಾರಣೆಯ ಹೆಂಡರ್‌ಸನ್ ಬ್ರೂಕ್ಸ್ ವರದಿಯನ್ನು ಸರ್ಕಾರ ಪೂರ್ತಿಯಾಗಿ ಬಿಡುಗಡೆ ಮಾಡಿಲ್ಲ. ಹೀಗಾಗಿ ಒಬ್ಬನ ಸಾಕ್ಷ್ಯದ ಮೇಲೆ ಹೊರಲಾರದಷ್ಟು ಭಾರ ಬಿದ್ದಿದೆ. ಓದುಗನು ಇದನ್ನು ಮರೆಯಬಾರದು.

ಕನ್ನಡ ರೂಪದ ಬಗ್ಗೆ ಒಂದು ಮಾತು. ಮೂಲದಲ್ಲಿ ಸೇನಾ ಕಚೇರಿಯ ವಿವರಗಳು ದಟ್ಟವಾಗಿವೆ, ಓದು ನಿಧಾನ. ಬೆಳಗೆರೆಯವರ ಕೈಯಲ್ಲಿ ಕಥೆ ಓಡುತ್ತದೆ. ಯುದ್ಧಶಾಸ್ತ್ರ ತಿಳಿಯದವನೂ ಕೆಳಗಿಡದೆ ಓದಬಲ್ಲ. ಆದರೆ ಆ ಓಟದಲ್ಲಿ ಸೈನಿಕನ ಸಂಯಮ ಕೆಲವೆಡೆ ಸಡಿಲಗೊಂಡು ಪತ್ರಕರ್ತನ ಕೋಪ ಮುಂದಾಗುತ್ತದೆಂದು ನನಗೆ ತೋರುತ್ತದೆ. ಕೋಪ ನ್ಯಾಯವಾದದ್ದೇ, ಆದರೆ ಲೆಕ್ಕಾಚಾರದ ತಣ್ಣನೆಯ ಮಾತು ಅದಕ್ಕಿಂತ ಹೆಚ್ಚು ಇರಿಯುತ್ತದೆ.

ಸರ್ಕಾರದ ಲೆಕ್ಕದಂತೆ ಆ ಯುದ್ಧದಲ್ಲಿ ಮಡಿದವರು 1,383 ಮಂದಿ, ಕಾಣೆಯಾದವರು 1,696, ಸೆರೆಸಿಕ್ಕವರು 3,968. ಸೆರೆಸಿಕ್ಕವರಲ್ಲಿ ಒಬ್ಬ ಬ್ರಿಗೇಡಿಯರನ ಮಾತು ನಮ್ಮನ್ನು ಮುಟ್ಟಿತು. ಸಾಮಾನ್ಯ ಸಿಪಾಯಿಗಳ ಮಾತನ್ನು ಬರೆದಿಟ್ಟವರೆಷ್ಟು? ಯುದ್ಧ ಕಂಡು ಬಂದವರು ನಮ್ಮ ಊರುಗಳಲ್ಲಿಯೂ ಇದ್ದಾರೆ. ಅವರ ಮುಂದೆ ಕುಳಿತು ಕೇಳಿ ಬರೆದುಕೊಳ್ಳುವುದು ಕಾಲೇಜಿನ ಹುಡುಗರಿಂದಲೂ ಆಗುವ ಕೆಲಸ. ಸಿರುಗುಪ್ಪದ ಆ ಹುಡುಗನಿಗೆ ಈ ಪುಸ್ತಕವನ್ನು ಕೊಟ್ಟಿದ್ದೇನೆ. ಕಲ್ಲು ಇಲ್ಲದವರಿಗೆ ಇಂಥ ಬರಹವಾದರೂ ಇರಲಿ.