ಮೊದಲು ದಾರಿಯ ಏರು, ಆಮೇಲೆ ಸೈಕಲ್ಲು

ಇ-ಸೈಕಲ್ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ಒಂದೇ: 'ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಓಡುತ್ತೆ?' ಸಲಹೆ ಕೇಳಿಕೊಂಡು ಬರುವವರಿಗೆ ನಾನು ಹಾಕುವ ಪ್ರಶ್ನೆ ಬೇರೆ. ನೀವು ದಿನಾ ಓಡಾಡುವ ದಾರಿಯಲ್ಲಿ ಎಲ್ಲಕ್ಕಿಂತ ಕಡಿದಾದ ಏರು ಯಾವುದು? ಅದು ಎಷ್ಟು ಉದ್ದ? ಅದರ ನಡುವೆ ಸಿಗ್ನಲ್ ಇದೆಯೇ? ಇದಕ್ಕೆ ಉತ್ತರ ಸಿಕ್ಕರೆ ಯಾವ ಮೋಟಾರು, ಎಷ್ಟು ಬ್ಯಾಟರಿ ಎಂಬುದು ಮುಕ್ಕಾಲು ಪಾಲು ತೀರ್ಮಾನವಾದಂತೆ.

ಸ್ವಲ್ಪ ಲೆಕ್ಕ ಹಾಕೋಣ. ಸವಾರ, ಸೈಕಲ್ಲು, ಬೆನ್ನಿನ ಚೀಲ ಎಲ್ಲ ಸೇರಿ 100 ಕಿಲೋ ಎಂದಿಟ್ಟುಕೊಳ್ಳಿ. ನೂರು ಮೀಟರಿಗೆ ಎಂಟು ಮೀಟರ್ ಮೇಲೇರುವ ರಸ್ತೆಯಲ್ಲಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಹೋಗಬೇಕಾದರೆ, ಭಾರ ಎತ್ತುವುದಕ್ಕೇ ಸುಮಾರು 220 ವ್ಯಾಟ್ ಬೇಕು. ವ್ಯಾಯಾಮದ ರೂಢಿಯಿಲ್ಲದವರ ಕಾಲು ಬೆವರದೆ ಕೊಡುವುದು ನೂರು ವ್ಯಾಟಿನ ಆಸುಪಾಸು. ಉಳಿದದ್ದನ್ನು ಮೋಟಾರು ಕೊಡಬೇಕು. ಕಾಗದದ ಮೇಲೆ 250 ವ್ಯಾಟಿನ ಯಾವ ಮೋಟಾರಾದರೂ ಇದನ್ನು ಮಾಡೀತು. ರಸ್ತೆಯಲ್ಲಿ ಮಾತ್ರ ಹಾಗಾಗುವುದಿಲ್ಲ.

ನಮ್ಮಲ್ಲಿ ಮಾರಾಟವಾಗುವ ಬಹುಪಾಲು ಇ-ಸೈಕಲ್‌ಗಳಲ್ಲಿ ಮೋಟಾರು ಇರುವುದು ಹಿಂದಿನ ಚಕ್ರದ ಹಬ್ಬಿನೊಳಗೆ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಆ ಚಕ್ರ ನಿಮಿಷಕ್ಕೆ ಸುಮಾರು 200 ಸುತ್ತು ತಿರುಗುತ್ತದೆ, ಮೋಟಾರು ಹಗುರಾಗಿ ಕೆಲಸ ಮಾಡುತ್ತದೆ. ಚಡಾವಿನಲ್ಲಿ ವೇಗ ಹತ್ತಕ್ಕೆ ಇಳಿದಾಗ ಚಕ್ರದ ಸುತ್ತು 80ಕ್ಕೆ ಇಳಿಯುತ್ತದೆ. ನೀವು ಗೇರ್ ಎಷ್ಟೇ ಬದಲಿಸಿದರೂ ಮೋಟಾರಿಗೆ ಅದರಿಂದ ಪ್ರಯೋಜನವಿಲ್ಲ, ಅದು ಚಕ್ರಕ್ಕೇ ಅಂಟಿಕೊಂಡಿದೆ. ಬ್ಯಾಟರಿಯಿಂದ ಬಂದ ವಿದ್ಯುತ್ತಿನ ದೊಡ್ಡ ಪಾಲು ಆಗ ಸುಮ್ಮನೆ ಬಿಸಿಯಾಗಿ ಹೋಗುತ್ತದೆ. ಏರು ಉದ್ದವಾದಷ್ಟೂ ಮೋಟಾರು ಕಾಯುತ್ತದೆ.

ಪೆಡಲಿನ ಅಚ್ಚಿನ ಬಳಿ ಕೂರುವ ಮಿಡ್-ಡ್ರೈವ್ ಮೋಟಾರಿನ ಗುಣ ಇಲ್ಲೇ ಕಾಣುವುದು. ಅದು ಎಳೆಯುವುದು ಚೈನನ್ನು. ಹಾಗಾಗಿ ಸಣ್ಣ ಗೇರಿಗೆ ಇಳಿಸಿದರೆ ನಿಮ್ಮ ಕಾಲಿನಂತೆ ಅದೂ ತನಗೆ ಹಿತವಾದ ವೇಗದಲ್ಲಿ ತಿರುಗುತ್ತ ಏರು ಹತ್ತುತ್ತದೆ. ಬೆಲೆ ಮಾತ್ರ ಹಲವು ಪಟ್ಟು ಹೆಚ್ಚು. ಚೈನು, ಹಲ್ಲುಚಕ್ರಗಳೂ ಬೇಗ ಸವೆಯುತ್ತವೆ. ಮೈಸೂರಿನಲ್ಲಿ ಕುವೆಂಪುನಗರದಿಂದ ಅರಮನೆಯ ಕಡೆಗೆ ಓಡಾಡುವವರು ಇಷ್ಟು ಖರ್ಚು ಮಾಡುವ ಅಗತ್ಯವಿಲ್ಲ. ಸಾಧಾರಣ ಹಬ್ ಮೋಟಾರೇ ಅವರಿಗೆ ಸರಿಯಾದ ಆಯ್ಕೆ. ಮಂಗಳೂರಿನಲ್ಲಿ ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ದಿನಾ ಹತ್ತುವವರ ಮಾತು ಬೇರೆ. ಕೈಯಲ್ಲಿ ಹಣವಿದ್ದರೆ ಅವರು ಮಿಡ್-ಡ್ರೈವ್ ಕೊಳ್ಳಬೇಕು ಎಂದೇ ನಾನು ಹೇಳುತ್ತೇನೆ.

ಮೋಟಾರಿಗಿಂತಲೂ ನನಗೆ ಮುಖ್ಯವೆನಿಸುವ ಭಾಗ ಕಣ್ಣಿಗೆ ಬೀಳದ ಸೆನ್ಸರ್. ಅಗ್ಗದ ಸೈಕಲ್ಲುಗಳಲ್ಲಿರುವ ಕೇಡೆನ್ಸ್ ಸೆನ್ಸರ್ ಪೆಡಲ್ ತಿರುಗುತ್ತಿದೆಯೇ ಎಂಬುದನ್ನಷ್ಟೇ ನೋಡುತ್ತದೆ. ಮೆಲ್ಲಗೆ ತುಳಿದರೂ ಜೋರಾಗಿ ತುಳಿದರೂ ಅದಕ್ಕೆ ಒಂದೇ. ಏರಿನ ಸಿಗ್ನಲ್ಲಿನಲ್ಲಿ ಹೊರಡುವಾಗ ಅರ್ಧ ಸುತ್ತು ನೀವೇ ತಿಣುಕಬೇಕು, ಆಮೇಲೆ ಸೈಕಲ್ಲು ಒಮ್ಮೆಲೇ ಮುಂದಕ್ಕೆ ನುಗ್ಗುತ್ತದೆ. ಮುಂದೆ ಆಟೊ ನಿಂತಿದ್ದರೆ ಆ ನುಗ್ಗಾಟ ಅಪಾಯ. ಟಾರ್ಕ್ ಸೆನ್ಸರ್ ಅಳೆಯುವುದು ಕಾಲಿನ ಒತ್ತಡವನ್ನು. ನೀವು ಒತ್ತಿದಷ್ಟಕ್ಕೆ ತಕ್ಕಂತೆ, ಒತ್ತಿದ ಕ್ಷಣದಲ್ಲೇ ಮೋಟಾರು ಜೊತೆಗೂಡುತ್ತದೆ. ಅದರ ಮೇಲೆ ಕೂತಾಗ ಯಂತ್ರ ಓಡಿಸಿದಂತೆ ಅನ್ನಿಸುವುದಿಲ್ಲ, ಹಿಂದಿನಿಂದ ಯಾರೋ ಬೆನ್ನಿಗೆ ಕೈಯಿಟ್ಟು ತಳ್ಳಿದ ಹಾಗಿರುತ್ತದೆ. 1993ರಲ್ಲಿ ಜಪಾನಿನಲ್ಲಿ ಯಮಹಾ ಕಂಪನಿ ತನ್ನ 'ಪಾಸ್' ಸೈಕಲ್ಲನ್ನು ಮಾರುಕಟ್ಟೆಗೆ ತಂದಾಗಲೇ ತುಳಿತದ ಬಲಕ್ಕೆ ಹೊಂದಿಕೊಳ್ಳುವ ಈ ಉಪಾಯ ಅದರಲ್ಲಿತ್ತು. ಇಷ್ಟು ಹಳೆಯ, ಇಷ್ಟು ಒಳ್ಳೆಯ ವ್ಯವಸ್ಥೆ ನಮ್ಮ ಸಾಧಾರಣ ಬೆಲೆಯ ಸೈಕಲ್ಲುಗಳಿಗೆ ಇನ್ನೂ ಪೂರ್ತಿ ಇಳಿದು ಬಂದಿಲ್ಲವೆಂಬ ಬೇಸರ ನನಗಿದೆ. ಹೊಳೆಯುವ ಡಿಸ್‌ಪ್ಲೇ, ದಪ್ಪ ಟೈರು, ಮುಂದಿನ ಶಾಕ್ ಅಬ್ಸಾರ್ಬರ್ ಬಿಟ್ಟುಕೊಟ್ಟಾದರೂ ಟಾರ್ಕ್ ಸೆನ್ಸರ್ ಇರುವುದನ್ನು ಆರಿಸಿಕೊಳ್ಳಿ.

ಈಗ ಕಿಲೋಮೀಟರಿನ ವಿಷಯ. ಬ್ಯಾಟರಿಯ ಮೇಲೆ ಬರೆದಿರುವ ವೋಲ್ಟನ್ನು ಆಂಪಿಯರ್-ಅವರಿನಿಂದ ಗುಣಿಸಿದರೆ ವ್ಯಾಟ್-ಅವರ್ ಸಿಗುತ್ತದೆ. 36 ವೋಲ್ಟ್, 10 ಆಂಪಿಯರ್-ಅವರ್ ಎಂದರೆ 360. ಸಮತಟ್ಟು ರಸ್ತೆಯಲ್ಲಿ ತುಳಿಯುತ್ತ ಹೋದರೆ ಕಿಲೋಮೀಟರಿಗೆ ಹತ್ತರ ಸುತ್ತಮುತ್ತ ಖರ್ಚಾಗುತ್ತದೆ. ತುಳಿಯದೆ ಥ್ರಾಟಲ್ ಒಂದನ್ನೇ ತಿರುಗಿಸುತ್ತ ಕೂತರೆ ಹದಿನೈದು ದಾಟುತ್ತದೆ. ಏರಿದ ಪ್ರತಿ ನೂರು ಮೀಟರ್ ಎತ್ತರಕ್ಕೆ, ಮೊದಲಿನ 100 ಕಿಲೋ ಲೆಕ್ಕದಲ್ಲೇ, 27 ವ್ಯಾಟ್-ಅವರ್ ಬೇಕು. ಅದರ ಮೇಲೆ ಮೋಟಾರಿನಲ್ಲಿ ಸೋರಿಹೋಗುವುದು ಬೇರೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ 20 ಕಿ.ಮೀ. ಹೋಗಿ, ಅಲ್ಲಿ ಚಾರ್ಜು ಹಾಕದೆ ಮರಳುವವರಿಗೆ 360ರ ಬ್ಯಾಟರಿ ಸಾಲದು. ಊರೊಳಗೆ ದಿನಕ್ಕೆ ಹತ್ತು ಕಿಲೋಮೀಟರ್ ಓಡಾಡುವವರಿಗೆ ಅದು ಧಾರಾಳ. ಅಂಥವರು ದೊಡ್ಡ ಬ್ಯಾಟರಿ ಕೊಂಡರೆ ಹೊರುವುದಕ್ಕೆ ತೂಕವಷ್ಟೇ ಹೆಚ್ಚು.

ತೂಕವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಪ್ಪತ್ತು ಕಿಲೋ ಮೀರಿದ ಸೈಕಲ್ಲನ್ನು ಲಿಫ್ಟಿಲ್ಲದ ಮನೆಯ ಎರಡನೇ ಮಹಡಿಗೆ ದಿನಾ ಹೊರುವುದು ಆಗದ ಮಾತು. ಕೆಳಗೆ ನಿಲ್ಲಿಸುವಲ್ಲಿ ಪ್ಲಗ್ ಪಾಯಿಂಟ್ ಇಲ್ಲದಿದ್ದರೆ ಕಳಚಿ ಒಯ್ಯಬಹುದಾದ ಬ್ಯಾಟರಿಯೇ ಬೇಕು. ಕರಾವಳಿಯವರು ಮಳೆಗಾಲಕ್ಕೆ ಮೊದಲೇ ವೈರಿನ ಕನೆಕ್ಟರುಗಳಿಗೆ ರಬ್ಬರ್ ಮುಚ್ಚಳ ಇದೆಯೇ ಎಂದು ನೋಡಿಕೊಳ್ಳಬೇಕು. ಕಾನೂನಿನ ಮಾತೂ ಒಂದಿದೆ. ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಪಡೆದ, ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರುವ ಸೈಕಲ್ಲಿಗೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. 'ಲಾಕ್ ತೆಗೆಸಿಕೊಡ್ತೀವಿ, ನಲವತ್ತು ಹೋಗುತ್ತೆ' ಎನ್ನುವವರ ಮಾತಿಗೆ ಒಪ್ಪಿದರೆ ಈ ವಿನಾಯಿತಿ ಕೈತಪ್ಪುತ್ತದೆ.

ಲೀಥಿಯಂ ಬ್ಯಾಟರಿ ಕೆಲವು ನೂರು ಪೂರ್ಣ ಚಾರ್ಜುಗಳ ಬಳಿಕ ಸೊರಗುತ್ತ ಬರುತ್ತದೆ. ಬದಲಿ ಬ್ಯಾಟರಿ ಸೈಕಲ್ಲಿನ ಅತಿ ದುಬಾರಿ ಬಿಡಿಭಾಗ. ಹಾಗಾಗಿ ಹಣ ಕೊಡುವ ಮೊದಲು ಅದೇ ಮಾದರಿಯ ಬ್ಯಾಟರಿ ಬಿಡಿಯಾಗಿ ಸಿಗುತ್ತದೆಯೇ, ಇವತ್ತಿನ ಬೆಲೆ ಎಷ್ಟು, ಗ್ಯಾರಂಟಿ ಎಷ್ಟು ವರ್ಷ ಎಂದು ಕೇಳಿ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಹಾಗೆಯೇ ಹಬ್ ಮೋಟಾರಿನ ಹಿಂದಿನ ಚಕ್ರವನ್ನು ಪಂಕ್ಚರಿಗಾಗಿ ಹೇಗೆ ಬಿಚ್ಚುವುದು, ವೈರು ಎಲ್ಲಿ ಕಳಚುವುದು ಎಂಬುದನ್ನು ಅಂಗಡಿಯವರಿಂದ ಕಣ್ಣೆದುರೇ ಮಾಡಿ ತೋರಿಸಿಕೊಳ್ಳಿ. ಆ ಅಚ್ಚಿನ ನಟ್ಟಿಗೆ ಹೊಂದುವ ಸ್ಪ್ಯಾನರ್ ಒಂದನ್ನು ಸೈಕಲ್ಲಿನ ಜೊತೆಗೇ ಕೊಂಡು ಚೀಲದಲ್ಲಿಟ್ಟುಕೊಳ್ಳಿ, ಬೀದಿಬದಿಯ ಪಂಕ್ಚರ್ ಅಂಗಡಿಯಲ್ಲಿ ಆ ಅಳತೆಯದು ಇಲ್ಲದಿರಬಹುದು.