ಹೊಸ ಊರಿನ ಹಳೆಯ ಕಥೆ

ನೊವ್‌ಗೊರೊದ್ ಎಂದರೆ ‘ಹೊಸ ಊರು’. ಹಾಗಾದರೆ ಹಳೆಯದು ಯಾವುದು? 12ನೆಯ ಶತಮಾನದ ಆದಿಯಲ್ಲಿ ಕೀವ್‌ನಲ್ಲಿ ಸಂಕಲಿತವಾದ ವೃತ್ತಾಂತವು, ತಮ್ಮತಮ್ಮಲ್ಲೇ ಕಾದಾಡುತ್ತಿದ್ದ ಜನ 862ರಲ್ಲಿ ಕಡಲಾಚೆಯಿಂದ ರೂರಿಕನನ್ನು ಅರಸನಾಗಿ ಕರೆತಂದರೆಂದು ಹೇಳುತ್ತದೆ. ಕಥನವೇನೋ ಸೊಗಸಾಗಿದೆ, ನನಗೆ ನಂಬಿಕೆ ಮಾತ್ರ ಹುಟ್ಟದು. ಅರಸುಮನೆತನಕ್ಕೊಬ್ಬ ಮೂಲಪುರುಷನನ್ನು ಒದಗಿಸುವ ಆತುರ ಅದರಲ್ಲಿ ಎದ್ದು ಕಾಣುತ್ತದೆ. ಒಂದು ಪಾಠ ಅವನನ್ನು ನೊವ್‌ಗೊರೊದಿನಲ್ಲಿ ಕೂರಿಸಿದರೆ ಇನ್ನೊಂದು ಮೊದಲು ಲಾದೊಗದಲ್ಲಿ ಕೂರಿಸುತ್ತದೆ! ಉತ್ಖನನದಲ್ಲಿ 9ನೆಯ ಶತಮಾನದ ನೆಲೆ ಕಂಡದ್ದು ಊರಿನಲ್ಲಲ್ಲ, ದಕ್ಷಿಣಕ್ಕೆ ಸುಮಾರು 2 ಕಿಲೋಮೀಟರ್ ದೂರದ ಗೊರೊದಿಶ್ಚೆಯಲ್ಲಿ.

ವೃತ್ತಾಂತಕಾರನಿಗಿಂತ ನನಗೆ ಆಪ್ತನಾದವನು 13ನೆಯ ಶತಮಾನದ ಬಾಲಕ ಒನ್‌ಫಿಮ್. ಬರ್ಚ್ ಮರದ ತೊಗಟೆಯ ಮೇಲೆ ಅಕ್ಷರ ತಿದ್ದುತ್ತಿದ್ದವನು, ಬೇಸರ ಬಂದಿತೇನೋ, ಕುದುರೆಯೇರಿದ ವೀರನೊಬ್ಬನನ್ನು ಗೀಚಿ ಪಕ್ಕದಲ್ಲಿ ತನ್ನದೇ ಹೆಸರು ಬರೆದ. 1951ರಿಂದೀಚೆಗೆ ಅಲ್ಲಿ ದೊರೆತ ತೊಗಟೆಯ ಬರಹಗಳು ಸಾವಿರಕ್ಕೂ ಮಿಕ್ಕಿವೆ: ಸಾಲದ ಲೆಕ್ಕ, ಮನೆವಾರ್ತೆ, ಜಗಳ.